ಸುರಪುರಕ್ಕೆ, ಆಪಾನ ಗಾಡಿಯಲ್ಲಿ

ಯಾದಗಿರಿಯಿಂದ ಸುರಪುರಕ್ಕೆ ಬಸ್ಸಿನಲ್ಲಾದರೆ ಎರಡು ತಾಸಿನ ದಾರಿ. ಬೆಳಗಿನ ಚಹಾ ಮುಗಿಸಿ ಹೊರಟ ನಾವು ಮುಟ್ಟಿದ್ದು ಹೊತ್ತಿಳಿದ ಮೇಲೆ. ಹೊರಟಿದ್ದು ಮಣ್ಣಿಗೆ. ಪಕ್ಕದ ಮನೆಯ ಮಹಬೂಬನ ಅಕ್ಕ, ಅವನು ಆಪಾ ಎಂದು ಕರೆಯುತ್ತಿದ್ದವರು, ನಸುಕಿನಲ್ಲಿ ಸುರಪುರದಲ್ಲಿ ತೀರಿಕೊಂಡಿದ್ದರು. ಅವರಿಗೆ ಗಂಡ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಅವರಲ್ಲಿ ಹೆಣ್ಣಿನ ದೇಹವನ್ನು ಗೋರಿಗೆ ಇಳಿಸುವವರು ತೀರ ಹತ್ತಿರದ ರಕ್ತಸಂಬಂಧದ ಗಂಡಸರೇ ಆಗಬೇಕು. ಹಾಗೆ ಉಳಿದಿದ್ದವನು ಈ ಒಬ್ಬ ತಮ್ಮ.

"ಮಧ್ಯಾಹ್ನ ಜೋಹರ್ ನಮಾಜ್ ಆದ ಮ್ಯಾಲ ಮಣ್ಣ ಅಂದಾರ್ರಿ ಶಿವಣ್ಣಾರ. ನೀವೂ ಬರ್ರಿ. ಒಬ್ಬನ ಗಾಡಿ ಹೊಡ್ಯಾಕ ಧೈರ್ಯ ಆಗವಲ್ದು," ಎಂದ.

ಆ ಗಾಡಿಯನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಮುದಿ ಅಂಬಾಸಿಡರ್, ಅವನ ಭಾವ ಟ್ಯಾಕ್ಸಿಯಾಗಿ ಓಡಿಸುತ್ತಿದ್ದದ್ದು. ಭಾವ ಸತ್ತ ಮೇಲೆ ಅಕ್ಕ ಅದನ್ನು ಮಾರದೆ ತಮ್ಮನ ಅಂಗಳಕ್ಕೆ ಕಳಿಸಿದ್ದರು. ಪ್ರತಿ ಶುಕ್ರವಾರ ನಮಾಜಿಗೆ ಹೋಗುವ ಮುಂಚೆ ಮಹಬೂಬ ಅದನ್ನು ಚಾಲೂ ಮಾಡಿ, ಬಾನೆಟ್ಟಿನ ಹತ್ತಿರ ಫೋನು ಹಿಡಿದು ನಿಲ್ಲುತ್ತಿದ್ದ. ಆ ಕಡೆಯಿಂದ ಅಕ್ಕ ಗಂಡನ ಗಾಡಿಯ ಟಕಟಕ ಸಪ್ಪಳ ಕೇಳುತ್ತಿದ್ದರು. ಅವರು ಸಾಕೆಂದೊಡನೆ ಬಂದ್. ರಸ್ತೆಗೆ ಇಳಿಸುತ್ತಿದ್ದದ್ದು ಅಪರೂಪ. ಹೊಗೆ ಮಾತ್ರ ನೆಟ್ಟಗೆ ನನ್ನ ಊಟದ ತಟ್ಟೆಗೆ ಬರುತ್ತಿತ್ತು.

ಭೀಮಾ ಸೇತುವೆ ದಾಟುವಾಗಲೇ ಬಿಸಿಲು ಚುರುಗುಟ್ಟುತ್ತಿತ್ತು. ನದಿಯಲ್ಲಿ ನೀರಿಗಿಂತ ಬಂಡೆಗಳೇ ಹೆಚ್ಚು ಕಂಡವು. ಶಹಾಪುರದ ಗುಡ್ಡ ಕಾಣಿಸಿತು ಎನ್ನುವಷ್ಟರಲ್ಲಿ ಇಂಜಿನ್ನಿನೊಳಗೆ ಏನೋ ಬಡಿದುಕೊಳ್ಳತೊಡಗಿತು. ಗಾಡಿ ಕುಂಟುತ್ತ, ಕೆಮ್ಮುತ್ತ ಹೇಗೋ ಬಸ್ ನಿಲ್ದಾಣದ ಹತ್ತಿರದ ಗ್ಯಾರೇಜು ಮುಟ್ಟಿತು.

ಮಿಸ್ತ್ರಿ ಇಂಜಿನ್ನಿನ ಮೇಲಿನ ಮುಚ್ಚಳ ತೆಗೆದು ಗೇಣುದ್ದದ ಒಂದು ಕಬ್ಬಿಣದ ಕಡ್ಡಿ ಎಳೆದ. ವಾಲ್ವುಗಳನ್ನು ಕೆಳಗಿನಿಂದ ತಳ್ಳಿ ತೆರೆಸುವ ಪುಶ್‌ರಾಡು. ನೆಟ್ಟಗಿರಬೇಕಾದದ್ದು ಡೊಂಕಾಗಿತ್ತು.

"ವಾಲ್ವ್ ಹಿಡ್ಕೊಂಡಾವ್ರಿ, ಅದಕ್ಕ ರಾಡ್ ಬಗ್ಗ್ಯದ. ಗಾಡಿ ಓಡ್ಸಂಗಿಲ್ಲೇನ್ರಿ?"

"ಪ್ರತಿ ಜುಮ್ಮಾಕ್ಕ ಚಾಲೂ ಮಾಡ್ತೀನ್ರಿ," ಎಂದ ಮಹಬೂಬ. "ಎರಡ ಮಿನಿಟ."

"ಅದರಿಂದನ ಕೆಟ್ಟದ ನೋಡ್ರಿ. ಇಂಜಿನ್ ಕಾಯೂಕಿಂತ ಮೊದಲ ಬಂದ್ ಮಾಡಿದ್ರ ಒಳಗ ಅಂಟ ಕಟ್ಟತದ."

ಮಹಬೂಬ ಆ ಡೊಂಕು ಕಡ್ಡಿಯನ್ನು ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದ. ನಾನು ಬಸ್ ನಿಲ್ದಾಣದ ಕಡೆ ನೋಡಿದೆ.

"ಗಾಡಿ ಇಲ್ಲೇ ಇರ್ಲಿ. ಸುರಪುರ ಬಸ್ ನಿಂತದ, ನಡಿಯೋ," ಎಂದೆ.

"ಹ್ಯಾಂಗ ಬಿಟ್ಟ ಹೋಗ್ಲಿರಿ? ಆಪಾನ ಕಡೀ ದಿನ. ಭಾವನ ಗಾಡಿ ಮನಿ ಮುಂದ ನಿಂದ್ರಬೇಕ."

"ಅರ್ಧಾ ತಾಸ್ನ್ಯಾಗ ಕೊಡ್ತೀನ್ರಿ," ಎಂದ ಮಿಸ್ತ್ರಿ. ನಾವಿಬ್ಬರೂ ನಂಬಿದೆವು.

ಆ ಅರ್ಧ ತಾಸು ಮುಗಿಯಲೇ ಇಲ್ಲ. ಹಿಡಿದುಕೊಂಡ ವಾಲ್ವುಗಳಿಗೆ ಎಣ್ಣೆ ಬಿಟ್ಟು, ಮೆಲ್ಲಗೆ ತಟ್ಟಿ ಸಡಿಲಿಸಿದ. ಉಳಿದ ರಾಡುಗಳನ್ನು ಗಾಜಿನ ಮೇಲೆ ಉರುಳಿಸಿ ನೋಡಿದರೆ ಇನ್ನೊಂದು ಕುಣಿಯಿತು, ಅದೂ ಡೊಂಕು. ನೆಟ್ಟಗಿದ್ದವುಗಳ ತುದಿಗಳೂ ಸವೆದಿದ್ದವು. ಎಲ್ಲ ಬದಲಿಸಬೇಕೆಂದು ಗುಜರಿ ಅಂಗಡಿಗೆ ಹೋದವನು ಹಳೆಯ ಇಂಜಿನ್ನೊಂದರ ರಾಡುಗಳನ್ನು ಹುಡುಕಿ ತರುವಷ್ಟರಲ್ಲಿ ಜೋಹರ್ ಆಜಾನ್ ಕೇಳಿಸಿತು. ಸುರಪುರದಿಂದ ಫೋನು ಬಂತು: ಇಳಿಹೊತ್ತಿನ ಅಸರ್ ನಮಾಜಿನವರೆಗೆ ಕಾಯುತ್ತಾರಂತೆ. ನಾನು ಮಂಡಕ್ಕಿ ಸುಸಲಾ, ಮಿರ್ಚಿ ತಿಂದು ಬಂದೆ. ಸಾವಿನ ದಿನವೂ ಹಸಿವಾಗುತ್ತದೆ, ಏನು ಮಾಡುವುದು. ಮಹಬೂಬ ನೀರು ಸಹ ಮುಟ್ಟಲಿಲ್ಲ. ಎದುರಿಗೆ ಸುರಪುರದ ಬಸ್ಸುಗಳು ತುಂಬಿ ತುಂಬಿ ಹೋಗುತ್ತಿದ್ದವು.

ಮಿಸ್ತ್ರಿ ಕೊನೆಯ ವಾಲ್ವಿನ ಸಂದು ಹೊಂದಿಸುತ್ತಿದ್ದಾಗ ಮತ್ತೆ ಫೋನು. ಇನ್ನೆಷ್ಟು ಹೊತ್ತು ಎಂದು ಸುರಪುರದವರು ಕೇಳುತ್ತಿದ್ದರು.

"ಬಿಸಲ ಭಾಳ ಅದ," ಎಂದ ಮಹಬೂಬ. "ಆಪಾನ್ನ ಇನ್ನ ಇಡಬ್ಯಾಡ್ರಿ. ಇಳಸ್ರಿ."

ಸುರಪುರದ ಬಂಡೆಗುಡ್ಡದ ಕೆಳಗೆ ಖಬರಸ್ತಾನ. ನಾವು ಒಳಗೆ ಹೋದಾಗ ಜನ ಕೈ ತೊಳೆದುಕೊಳ್ಳುತ್ತಿದ್ದರು. ಹೊಸ ಗೋರಿಯ ದಿಬ್ಬದ ಮೇಲೆ ನೀರು ಚಿಮುಕಿಸಿ ಆಗಿತ್ತು.

"ಯಾರ ಇಳಸಿದ್ರಿ?" ಎಂದು ಕೇಳಿದ ಮಹಬೂಬ.

"ಓಣಿ ಹಿರ್ಯಾರು ಕೂಡಿ ಇಳಸೇವಪಾ. ಸಬರ್ ಮಾಡು, ಸಮಾಧಾನ ತಂದ್ಕೋ," ಎಂದರು ಒಬ್ಬ ಮುದುಕರು.

ಅವನು ಮೂರು ಹಿಡಿ ಮಣ್ಣು ಹಾಕಿದ. ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಆಮೇಲೆ ಗಾಡಿಯನ್ನು ಅಕ್ಕನ ಮನೆಯ ಮುಂದೆ ಒಯ್ದು ನಿಲ್ಲಿಸಿದ. ನೋಡುವವರು ಯಾರೂ ಇರಲಿಲ್ಲ.

ಮರಳಿ ಬರುವಾಗ ಗಾಡಿ ಬೆಣ್ಣೆಯಂತೆ ಓಡಿತು. ಶಹಾಪುರ ದಾಟಿ, ಗದ್ದೆಗಳು ಮುಗಿದು, ಭೀಮಾ ಸೇತುವೆ ಕಂಡಾಗ ಮಹಬೂಬ ವೇಗ ತಗ್ಗಿಸಿದ.

"ಸಪ್ಪಳ ಕೇಳ್ರಿ ಶಿವಣ್ಣಾರ," ಎಂದ.

"ಸಪ್ಪಳ ಎಲ್ಲದನೋ? ಛಲೋ ಆಗ್ಯದಲ್ಲ."

"ಅದನ್ನ ಹೇಳಾಕತ್ತೇನ್ರಿ. ಫೋನ್ನ್ಯಾಗ ಕೇಳಿಸಿದ್ರ, ಇದು ನಮ್ಮ ಗಾಡಿ ಅಲ್ಲ ಅಂತಿದ್ಲು ಆಪಾ."