ಎತ್ತಿದ ಭಂಡಾರ

ನಮ್ಮ ಮಿರಜ ಕಡೆ ಯಾರಾದರೂ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದರೆ "ಭಂಡಾರ ಎತ್ತಿ ಸುಳ್ಳು ಹೇಳ್ತಾನ" ಎನ್ನುತ್ತೇವೆ. ಭಂಡಾರವೆಂದರೆ ನಮ್ಮ ಮನೆದೇವರು ಖಂಡೋಬನ ಮುಂದಿನ ಅರಿಷಿಣಪುಡಿ. ಅದನ್ನು ಕೈಯಲ್ಲಿ ಹಿಡಿದು ಹೇಳಿದ್ದು ಸತ್ಯವೇ ಆಗಿರಬೇಕು. ಈಗ ಮಾತು ಸವೆದಿದೆ. ನಿನ್ನೆಯ ಮೆಂತ್ಯಸೊಪ್ಪನ್ನು ಇವತ್ತಿನದೆಂದು ಮಾರುವವಳಿಗೂ ವಿಶ್ರಾಮಬಾಗ ಸಂತೆಯ ಹೆಂಗಸರು ಹಾಗೇ ಅಂದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ನಾನು ನಿಜವಾಗಿಯೂ ಎತ್ತಿದವಳು.

ನನ್ನ ಮೈದುನನ ಹೆಂಡತಿ ಖಂಡೇರಾಜುರಿ ಊರಿನವಳು. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು, ಮುಚ್ಚಿಟ್ಟು ಏನು ಮಾಡಲಿ? ಹನ್ನೊಂದು ವರ್ಷ ಅತ್ತೆಮನೆಯ ಒಲೆ ಮುಂದೆ ಬೆಂದವಳು ನಾನು. ಅವಳು ಬಂದ ಎರಡನೇ ವರ್ಷಕ್ಕೇ ಚಂಪಾಷಷ್ಠಿಯ ಭರೀತ ಅವಳ ಪಾಲಾಯಿತು. ಖಂಡೋಬನ ಆ ಹಬ್ಬದವರೆಗೆ ನಾವು ನಾಲ್ಕು ತಿಂಗಳು ಬದನೆಕಾಯಿ ತಿನ್ನುವುದಿಲ್ಲ. ಆ ದಿನ ಸುಟ್ಟ ಬದನೆಕಾಯಿಯ ಭರೀತ, ರೊಟ್ಟಿ ದೇವರಿಗೆ ಎಡೆ ಮಾಡಿದ ಮೇಲೆಯೇ ಊಟ.

"ಸಣ್ಣಾಕಿ ಕೈಗೆ ರುಚಿ ಐತಿ ನೋಡು" ಎಂದರು ಅತ್ತೆ, ನನ್ನೆದುರೇ. ನನ್ನ ಕೈಗೇನು ಹುಣ್ಣೆದ್ದಿತ್ತೇ?

ಮರುವರ್ಷದ ಹಬ್ಬದಂದು ಅವಳು ದೇವರ ಎಡೆ ತೆಗೆದಿಟ್ಟು ಈರುಳ್ಳಿ ತರಲು ಹಿತ್ತಲಿಗೆ ಹೋದಳು. ನಾನು ಉಳಿದ ಭರೀತಕ್ಕೆ ಒಂದು ಹಿಡಿ ಉಪ್ಪು ಸುರಿದು ಕಲಸಿದೆ. ದೇವರ ಪಾಲು ಮುಟ್ಟಲಿಲ್ಲ, ಅಷ್ಟು ಭಯವಿತ್ತು. ತಿರುಗಿದರೆ ಅವಳು ಈರುಳ್ಳಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನ ಉಪ್ಪಿನ ಕೈ ನೋಡಿ, ಒಳಗೆ ಬಂದು ಈರುಳ್ಳಿ ಹೆಚ್ಚಲು ಕೂತಳು.

ಮೊದಲ ತುತ್ತಿಗೇ ಎಲ್ಲರೂ ನೀರಿಗೆ ಕೈಚಾಚಿದರು. ಅತ್ತೆ ಎಡೆಯ ಭರೀತ ನಾಲಗೆಗಿಟ್ಟು ನೋಡಿದರು. ಅದು ಸರಿಯಿತ್ತು. ಆಮೇಲೆ ಒಲೆ ಬಳಿ ಇದ್ದವರು ನಾವಿಬ್ಬರೇ. ಅತ್ತೆ ನೇರವಾಗಿ ಭಂಡಾರದ ತಟ್ಟೆ ತಂದು ನನ್ನ ಮುಂದೆ ಹಿಡಿದರು.

"ನೀ ಉಪ್ಪ ಹಾಕಿಲ್ಲಂತ ಎತ್ತು."

ಒಲೆ ಕೈತಪ್ಪುತ್ತದೆಂಬ ಹೆದರಿಕೆಯಲ್ಲಿ ಎತ್ತಿದೆ. "ನಾ ಹಾಕಿಲ್ರಿ, ಅತ್ತಿ."

ತಟ್ಟೆ ಅವಳ ಕಡೆ ತಿರುಗಿತು. ಈಗ ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ನಂದ ತಪ್ಪರಿ, ಅತ್ತಿ" ಎಂದು ಅವಳೂ ಭಂಡಾರ ಎತ್ತಿದಳು. "ಎಡಿ ತಗದಿಟ್ಟ ಮ್ಯಾಲೆ ಮರತು ಇನ್ನೊಮ್ಮೆ ಉಪ್ಪ ಹಾಕೀನಿ."

"ಖರೇ ಹೇಳಿದೆಲ್ಲ, ಸಾಕು." ಅತ್ತೆ ಅವಳ ತಲೆ ನೇವರಿಸಿದರು. ಮುಂದಿನ ವರ್ಷದ ಭರೀತವೂ ಅವಳದೇ ಆಯಿತು.

ಭಂಡಾರ ಎತ್ತಿ ಸುಳ್ಳು ಹೇಳಿದವರು ಇಬ್ಬರೂ. ನನ್ನ ಸುಳ್ಳು ನನಗಾಗಿ, ಅವಳ ಸುಳ್ಳೂ ನನಗಾಗಿಯೇ. ಅದಕ್ಕಾಗಿ ಮಾತ್ರ ಇವತ್ತಿಗೂ ನಾನು ಅವಳನ್ನು ಕ್ಷಮಿಸಿಲ್ಲ.