ಹೌದ್ರಿ ಎನ್ನದ ಅಕ್ಕ

೧೯೯೬ರಲ್ಲಿ ನಾನು ಒಂಬತ್ತನೇ ತರಗತಿಯ ನಡುವೆಯೇ ಶಾಲೆ ಬಿಟ್ಟೆ. ಓದು ತಲೆಗೆ ಹತ್ತದೆ ಬಿಟ್ಟವನಲ್ಲ. ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು, ಮನೆಗೆ ಅದು ಬೇಕಿತ್ತು. ಹಮಾಲಿಯಿಂದ ಶುರುಮಾಡಿ ಮಾಲು ಕಳಿಸುವ ಹೊಣೆ ಹೊರುವವರೆಗೆ ಬಂದೆ. ನನ್ನಿಂದ ಒಂದು ಲಾರಿಯೂ ತಡವಾಗಲಿಲ್ಲ ಎಂದು ಇವತ್ತಿಗೂ ಎದೆ ಮುಟ್ಟಿ ಹೇಳುತ್ತೇನೆ.

ಆಮೇಲೆ ಹತ್ತಿದ್ದು ಸ್ವಂತ ಕೆಲಸದ ಹುಚ್ಚು. ಮಾಲು ಹೇಗೆ ಕಟ್ಟಬೇಕು, ಹೇಗೆ ಕಳಿಸಬೇಕು, ಗಿರಾಕಿಯನ್ನು ಹೇಗೆ ಉಳಿಸಿಕೊಳ್ಳಬೇಕು ಎಂದು ಸಣ್ಣ ವ್ಯಾಪಾರದವರಿಗೆ ಹೇಳಿಕೊಡುವುದು. ಮಿಲ್ಲು ಬಿಟ್ಟು ‘ವ್ಯಾಪಾರ ಸಲಹೆಗಾರ’ ಎಂದು ಕಾರ್ಡು ಹಾಕಿಸಿದೆ. ಮಿಲ್ಲಿನ ಗೆಳೆಯ ಅದನ್ನು ತಿರುವಿ ನೋಡಿ, “ಹಿಂದ ಖಾಲಿ ಅದಲ್ಲೋ, ಚಲೋ ಆತು. ವಾಪಸ್ ಬಂದ್ರ ಲಾರಿ ನಂಬರ್ ಬರಿಯಾಕ ಆಗ್ತದ” ಎಂದ.

ಮೊದಲ ಕೆಲಸ ಸಿಕ್ಕಿದ್ದು ದೇವದುರ್ಗದಲ್ಲಿ. ಜೋಳದ ಕಡಕ್ ರೊಟ್ಟಿ ಮಾಡಿ ರಾಯಚೂರಿನ ಖಾನಾವಳಿಗಳಿಗೆ ಕಳಿಸುವ ಹದಿನಾಲ್ಕು ಹೆಂಗಸರ ಗುಂಪು. ಕಳಿಸಿದ್ದರಲ್ಲಿ ಅರ್ಧ ರೊಟ್ಟಿ ವಾಪಸ್ ಬರುತ್ತಿತ್ತು. ಗುಂಪಿನ ಮುಖ್ಯಸ್ಥೆ ಮುಲಾಜಿಲ್ಲದೆ ಹೇಳಿಬಿಟ್ಟರು: “ಒಂದು ತಿಂಗ್ಳು ನೋಡ್ತೀವ್ರಿ ಸರ. ರೊಟ್ಟಿ ವಾಪಸ್ ಬರೂದು ನಿಲ್ಲಲಿಲ್ಲಂದ್ರ ನೀವು ಬರೂದು ನಿಲ್ಲಸ್ರಿ.” ಆ ಕೆಲಸ ಕೈತಪ್ಪಿದರೆ ನಾನು ಮತ್ತೆ ಮಿಲ್ಲಿನ ಗೇಟಿನ ಮುಂದೆ.

ಇಸ್ತ್ರಿ ಅಂಗಿ ತೊಟ್ಟು ಹೋದೆ. ಹೆಚ್ಚುಕಡಿಮೆ ಅಳತೆಗೇ ರೊಟ್ಟಿ ವಾಪಸ್ ಬರುವುದು, ಎಲ್ಲ ಒಂದೇ ಅಳತೆಯಲ್ಲಿರಬೇಕು ಎಂದು ಒಂದು ತಾಸು ಮಾತಾಡಿದೆ. ಮಾತು ಮಾತಿಗೆ “ಹೌದ್ರಿ ಸರ, ಹೌದ್ರಿ.” ಉಬ್ಬಿಹೋದೆ. ಆ ವಾರದ ರೊಟ್ಟಿ ಮೊದಲಿನಂತೆಯೇ ವಾಪಸ್ ಬಂತು. ಮರುವಾರ ಹೋಗಿ ಇನ್ನೂ ಜೋರಾಗಿ ಹೇಳಿದೆ. ಹೌದ್ರಿ ಜೋರಾಯಿತು, ಅಷ್ಟೇ.

ಮಾನ್ವಿಯ ಬಸ್ ನಿಲ್ದಾಣದ ಹತ್ತಿರ ರೊಟ್ಟಿ ಅಂಗಡಿ ಇಟ್ಟಿರುವ ಅಕ್ಕ ಮಿಲ್ಲಿನ ದಿನಗಳಿಂದಲೂ ಪರಿಚಯ. ಬೈಕಿನಲ್ಲಿ ಅತ್ತ ಹೋದಾಗ ಊಟಕ್ಕೆ ಕುಳಿತು ಸಂಗತಿ ಹೇಳಿದೆ.

“ಒಬ್ಬಾಕೀನೂ ನಿನ್ನ ಕೂಡ ಜಗಳಾ ಮಾಡ್ಲಿಲ್ಲೇನು?”

“ಛೇ, ಭಾಳ ಮರ್ಯಾದಿ ಕೊಟ್ರು ಅಕ್ಕಾ.”

“ಮರ್ಯಾದಿ ಕೊಟ್ಟು ಬಾಗಲಾ ತೋರ್ಸ್ಯಾರ ತಮ್ಮಾ. ಹೊರಗಿನವ್ರಿಗೆ ಹೌದ್ರಿ ಅಂತೀವಿ. ನಮ್ಮವ್ರಿಗಾದ್ರ ಬೈತೀವಿ.”

ಯಾರ ನೆರವನ್ನೂ ಕೇಳಿ ಗೊತ್ತಿಲ್ಲದವನು ನಾನು. ಎರಡು ಸಲ ಮಜ್ಜಿಗೆ ಕುಡಿದ ಮೇಲೆ, “ನೀವು ಒಮ್ಮೆ ದೇವದುರ್ಗಕ್ಕ ಬರ್ತೀರೇನು?” ಎಂದೆ.

“ಬರ್ತೀನಿ. ನಿನ್ನ ಗಾಡಿ ಮ್ಯಾಲ ಅಲ್ಲ. ನನ್ನ ಸೊಂಟ ನನಗ ಬೇಕು.”

ಅಕ್ಕ ಸಿರವಾರದ ಮಾರ್ಗದ ಬಸ್ಸಿನಲ್ಲಿ ಬಂದು ಹೆಂಗಸರ ನಡುವೆ ನೆಲಕ್ಕೆ ಕುಳಿತರು. ನಾನು ಅಳತೆಯ ಮಾತು ತೆಗೆದೆನೋ ಇಲ್ಲವೋ, ಅಲ್ಲಿಂದಲೇ ಕೂಗಿದರು: “ಏ ತಮ್ಮಾ, ನಿನ್ನ ಜನ್ಮದಾಗ ಒಂದರ ರೊಟ್ಟಿ ಬಡದೀಯೇನು?”

“ಇಲ್ಲ.”

“ಸಾಲಿ ಎಷ್ಟು ಕಲ್ತಿ?”

ನಾನು ಮುಚ್ಚಿಟ್ಟುಕೊಂಡಿದ್ದು ಅದೊಂದನ್ನೇ. “ಒಂಬತ್ತು. ಅದೂ ಪೂರಾ ಇಲ್ಲ.”

ಯಾರೋ ಕಿಸಕ್ಕೆಂದರು, ಆಮೇಲೆ ಹದಿನಾಲ್ಕೂ ಮಂದಿ ನಕ್ಕರು. ಮೂಲೆಯಲ್ಲಿದ್ದ ಮುದುಕಿ ಸೆರಗು ಸರಿಮಾಡಿಕೊಂಡು ಮುಂದೆ ಸರಿದಳು. “ಹಂಗಾದ್ರ ನಮ್ಮಂಗ ಅದಿಯಲ್ಲೋ ಯಪ್ಪಾ! ಕೇಳಿಲ್ಲಿ. ಅಳತಿ ಆಮ್ಯಾಗ. ಚೀಲದಾಗ ತುಂಬಿ ಬಸ್ಸಿಗೆ ಒಗದ್ರ ರೊಟ್ಟಿ ಪುಡಿ ಆಗಲಾರದ ಇರ್ತದೇನು?”

“ಹಂಗಾದ್ರ ತೆಲಿ ಮ್ಯಾಲ ಹೊತ್ಕೊಂಡು ರಾಯಚೂರಿಗೆ ನಡಿ” ಎಂದು ಇನ್ನೊಬ್ಬಳು. ಅಲ್ಲಿಂದ ಗದ್ದಲವೋ ಗದ್ದಲ. ಇಪ್ಪತ್ತು ವರ್ಷ ಅರಳೆ ಕಳಿಸಿದ ನನಗೆ ಒಡೆಯುವ ಮಾಲು ಹೊಳೆದೇ ಇರಲಿಲ್ಲ. ಅರಳೆ ಎಲ್ಲಿ ಒಗೆದರೂ ಅರಳೆಯೇ. ಜಗಳದ ನಡುವೆ ಮುದುಕಿ ಎದ್ದು ಒಳಗಿನಿಂದ ಒಂದು ಬಿದಿರಿನ ಬುಟ್ಟಿ ತಂದು ನನ್ನ ಮುಂದೆ ಕುಕ್ಕಿದಳು. ಅದರಲ್ಲಿ ಸಡಿಲವಾಗದೆ, ಅಂಚು ಮುರಿಯದೆ ಕೂರುವ ರೊಟ್ಟಿ ಮಾತ್ರ ರಾಯಚೂರಿಗೆ. ಉಳಿದದ್ದು ಊರಲ್ಲೇ ಮಾರುವುದು ಎಂದು ಅವರೇ ತೀರ್ಮಾನಿಸಿದರು. ನನ್ನ ಅಳತೆಯೂ ಬಂತು, ಅವರ ರೊಟ್ಟಿಯೂ ಉಳಿಯಿತು. ನಾನು ಮಾಡಿದ್ದು ಇಷ್ಟೇ: ಒಂದೇ ಅಗಲದ ಬುಟ್ಟಿ ಹೆಣೆಸಿದೆ, ಬಸ್ಸಿನಲ್ಲಿ ಅದಕ್ಕೊಂದು ಜಾಗ ಗೊತ್ತುಮಾಡಿದೆ. ತಿಂಗಳ ಕೊನೆಗೆ ಬುಟ್ಟಿಗಳು ಖಾಲಿಯಾಗಿ ಹಿಂದಿರುಗಿದವು. ಮುಖ್ಯಸ್ಥೆ, “ಮುಂದಿನ ವಾರ ಜಲ್ದಿ ಬಾರೋ” ಎಂದರು. ‘ಸರ’ ಹೋಗಿತ್ತು.

ಈಗ ಹೊಸ ಕಡೆ ಹೋದಾಗಲೆಲ್ಲ ಅಕ್ಕನೂ ಬರುತ್ತಾರೆ. ನಾನು ಹೇಳುವುದು, ಅವರು ತಕರಾರು ತೆಗೆಯುವುದು. ಸುಳ್ಳು ಜಗಳವಲ್ಲ, ಹೆಚ್ಚಿನ ಸಲ ಅವರೇ ಸರಿ. ನಾನೊಬ್ಬನೇ ಬೆಳೆದೆ ಎಂದು ಹೇಳಿಕೊಳ್ಳಲು ನನಗೂ ಆಸೆ ಇತ್ತು. ಆಗುವುದಿಲ್ಲ. ಕಾರ್ಡಿನಲ್ಲಿ ಅವರ ಹೆಸರೂ ಹಾಕಿಸುತ್ತೇನೆ ಎಂದರೆ, “ಮುಂದ ಏನಂತ ಬರಸ್ತಿ, ಜಗಳಗಂಟಿ ಅಂತೇನು?” ಎಂದು ನಕ್ಕು ಕಳಿಸಿದರು.

ಈಗ ನನಗೆ ದೇವದುರ್ಗದಲ್ಲಿ ಒಂದು, ಮಾನ್ವಿಯಲ್ಲಿ ಎರಡು, ರಾಯಚೂರಿನಲ್ಲಿ ನಾಲ್ಕು ಕಡೆ ಕೆಲಸವಿದೆ. ಒಂದು ಬೈಕು, ಅರ್ಧ ಡಬ್ಬಿ ಕಾರ್ಡು, ಅಕ್ಕನೂ ಸೇರಿ ನನ್ನನ್ನು ಹೆಸರು ಹಿಡಿದು ಬೈಯುವ ಹದಿನೈದು ಹೆಂಗಸರು.