ಸೀಟಿನ ಮೇಲಿದ್ದ ಕಾಲು

ನಮ್ಮಣ್ಣನ ತಲೆಗಿಂತ ಅವನ ಬಲಗಾಲಿಗೇ ಬುದ್ಧಿ ಹೆಚ್ಚು ಎಂದು ನಾನು ಎಷ್ಟೋ ಸಲ ಹೇಳಿ ನಾಲ್ಕು ಜನರನ್ನು ನಗಿಸಿದ್ದೇನೆ. ಇಪ್ಪತ್ತಾರು ವರ್ಷ ಕಾರು ಕಲಿಸಿದವನು ಅವನು. ಕಲಿಯುವವರು ಸ್ಟೀರಿಂಗ್ ಹಿಡಿದು ಬೆವರುತ್ತಿದ್ದರೆ ಇವನು ಪಕ್ಕದ ಸೀಟಿನಲ್ಲಿ ನಿರಾಳವಾಗಿ ಕೂತಿರುತ್ತಿದ್ದ. ಅವನ ಕಾಲ ಬಳಿ ಇನ್ನೊಂದು ಬ್ರೇಕ್ ಇತ್ತು. ಅದರಿಂದಲೇ ಅವನಿಗೆ ಬ್ರೇಕ್ ಮೇಷ್ಟ್ರು ಎಂಬ ಹೆಸರು ಅಂಟಿಕೊಂಡಿತ್ತು. ಬಸ್ಸಿನಲ್ಲಿ ಕೂತರೂ ಆ ಕಾಲು ಸುಮ್ಮನಿರುತ್ತಿರಲಿಲ್ಲ. ಡ್ರೈವರ್ ಬ್ರೇಕ್ ಹಾಕಲು ಚೂರು ತಡಮಾಡಿದರೆ ಸಾಕು, ಇವನು ಮುಂದಿನ ಸೀಟನ್ನು ಜೋರಾಗಿ ಒತ್ತುವನು, ಅಲ್ಲಿ ಕೂತವರು ತಿರುಗಿ ಗುರಾಯಿಸುವರು.

ನಾನು ಅವನ ತಂಗಿ. ಗಾಡಿ ಅವನದು, ಆಫೀಸು ನನ್ನದು. ಆಫೀಸೆಂದರೆ ಒಂದು ಮೇಜು, ಒಂದು ಫೋನು, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಅರ್ಜಿಗೆ ಫೋಟೋ ಅಂಟಿಸಲು ಒಂದು ಗೋಂದಿನ ಬಾಟಲಿ. ‘ಮೇಷ್ಟ್ರು ಇನ್ನೂ ಬಂದಿಲ್ವಾ?’ ಎಂದು ಸಿಡಿಮಿಡಿಗೊಳ್ಳುವವರಿಗೆ ‘ಇಗೋ, ಬಂದೇಬಿಟ್ರು’ ಎಂದು ಸುಳ್ಳು ಹೇಳಿ ಕೂರಿಸುವುದು ನನ್ನ ಮುಖ್ಯ ಕೆಲಸ. ಹದಿನೇಳು ವರ್ಷ ಹೇಳಿ ಹೇಳಿ ಸುಳ್ಳು ನನಗೆ ಸಲೀಸಾಗಿತ್ತು. ಎರಡು ಮನೆಗಳ ಅನ್ನ ಆ ಒಂದು ಡ್ರೈವಿಂಗ್ ಸ್ಕೂಲಿನಿಂದ ಬರುತ್ತಿತ್ತು.

ಆ ತಿಂಗಳು ಹೊಸದಾಗಿ ಸೇರಿದ್ದವಳು ಟೈಲರಮ್ಮ. ನಲವತ್ತರ ಹತ್ತಿರದ ಹೆಂಗಸು. ಶಾಲೆಗಳಿಗೆ ಯೂನಿಫಾರಂ ಹೊಲಿದು, ಗಂಟು ಕಟ್ಟಿ, ತಾನೇ ವ್ಯಾನಿನಲ್ಲಿ ತಲುಪಿಸಬೇಕೆಂದು ಆಕೆಯ ಆಸೆ. ಮೊದಲ ದಿನವೇ ಅಣ್ಣ ಹಿಗ್ಗಿಹೋದ.

‘ಒಳ್ಳೆ ಕಾಲು ಕಣೇ’ ಅಂದ. ‘ಮೆಷಿನ್ ತುಳಿದು ಪಳಗಿದೆ. ಕ್ಲಚ್ಚನ್ನ ಹೂವೆತ್ತಿದ ಹಾಗೆ ಬಿಡ್ತಾಳೆ. ಒಂದೇ ಒಂದು ಭಯ. ಮೋಟಾರ್ ಮೆಷಿನ್ನು ಕಾಲೆತ್ತಿದ್ರೆ ನಿಂತುಬಿಡುತ್ತೆ, ನೋಡು. ಗಾಬರಿ ಆದ್ರೆ ಈಕೆ ಕಾಲೆತ್ತಿ ಸುಮ್ನಾಗ್ತಾಳೆ, ಬ್ರೇಕ್ ತುಳಿಯಲ್ಲ. ಒಂದು ತಿಂಗಳು ನನ್ನ ಕಾಲು ಬ್ರೇಕ್ ಮೇಲಿಂದ ಕದಲಬಾರದು.’

ಹೀಗೆ ಹೇಳಿದವನು ಅವನೇ. ಅದಕ್ಕೇ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹನ್ನೆರಡನೆಯ ದಿನ ಬೆಳಿಗ್ಗೆ ಹತ್ತು ಗಂಟೆಯ ಸುಮಾರು. ಲೈಸೆನ್ಸ್ ಆಫೀಸಿಗೆ ಕೊಡಬೇಕಾದ ಫೈಲು ಹಿಡಿದು ನಾನೂ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಗೋದಾಮುಗಳ ಹಿಂದಿನ ನೇರ ರಸ್ತೆ, ಆ ಹೊತ್ತಿನಲ್ಲಿ ಹೆಚ್ಚು ಗಾಡಿಗಳಿಲ್ಲ. ಟೈಲರಮ್ಮ ಮೂರನೇ ಗೇರಿಗೆ ಹಾಕಿ ಚೆನ್ನಾಗಿಯೇ ಓಡಿಸುತ್ತಿದ್ದಳು. ಅಣ್ಣನಿಗೆ ಖುಷಿಯಾಯಿತು. ಖುಷಿಯಾದರೆ ಅವನಿಗೊಂದು ಚಾಳಿಯಿತ್ತು. ಬಲಗಾಲಿನ ಚಪ್ಪಲಿ ಬಿಟ್ಟು, ಆ ಕಾಲನ್ನು ಸೀಟಿನ ಮೇಲೆ ಮಡಚಿ, ಓಡಿಸುವವಳ ಕಡೆ ತಿರುಗಿ ಭಾಷಣ ಶುರುಮಾಡುವುದು. ಕಾಲು ಮೇಲೇರಿದ್ದನ್ನು ನಾನು ಕಣ್ಣಾರೆ ನೋಡಿದೆ. ಇಳಿಸು ಎನ್ನಲಿಲ್ಲ. ಇಪ್ಪತ್ತಾರು ವರ್ಷ ಒಂದು ಗೀರೂ ಬೀಳದ ಗಾಡಿ, ನಾನ್ಯಾಕೆ ಬಾಯಿ ಹಾಕಲಿ ಎಂದುಕೊಂಡೆ.

ಅವತ್ತಿನ ಭಾಷಣ ಅಪಘಾತದ ಮೇಲೆ. ಇದು ಅವನ ಮೆಚ್ಚಿನ ಪಾಠ, ಬೆರಳು ಮಡಚಿ ಮಡಚಿ ಹೇಳುತ್ತಿದ್ದ.

‘ಒಂದು, ಗಾಡಿ ನಿಲ್ಸಿ. ಓಡಿಹೋಗೋ ಬುದ್ಧಿ ಬರಬಾರದು. ಎರಡು, ಎಂಜಿನ್ ಆಫ್ ಮಾಡಿ, ನಾಲ್ಕೂ ಇಂಡಿಕೇಟರ್ ಹಾಕಿ. ಮೂರು, ಪೆಟ್ಟಾದವರ ಹತ್ರ ಹೋಗಿ. ಎತ್ತಬೇಡಿ, ಎಳೀಬೇಡಿ, ಬಾಯಿಗೆ ನೀರು ಹಾಕ್ಬೇಡಿ. ಆಂಬ್ಯುಲೆನ್ಸಿಗೆ ಫೋನ್ ಮಾಡಿ. ನಾಲ್ಕು, ಫೋಟೋ ತಗೊಳ್ಳಿ, ನೋಡಿದೋರ ಹೆಸರು ಬರ್ಕೊಳ್ಳಿ. ಐದು, ಇದು ಮುಖ್ಯ ಟೈಲರಮ್ಮ, ಬಾಯಿ ಬಿಗಿ ಹಿಡೀರಿ. ತಪ್ಪು ನಂದೇ ಅಂತ ಯಾರ ಹತ್ರಾನೂ...’

ಪಕ್ಕದ ಓಣಿಯಿಂದ ಒಂದು ಸೈಕಲ್ಲು ಹೊರಬಂತು. ಡೂಪ್ಲಿಕೇಟ್ ಕೀ ಮಾಡುವ ಮುದುಕ, ಹ್ಯಾಂಡಲಿಗೆ ಕೀಗಳ ಹಲಗೆ ನೇತುಹಾಕಿಕೊಂಡಿದ್ದ. ಟೈಲರಮ್ಮ ಅವನನ್ನು ಕಂಡಳು. ಕಂಡು, ಕಾಲೆತ್ತಿದಳು. ಕಾಲೆತ್ತಿ, ಕಾರು ನಿಲ್ಲಲಿ ಎಂದು ಕಾದಳು. ಅದು ನಿಲ್ಲಲಿಲ್ಲ. ಅಣ್ಣನ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿದ ಸದ್ದು ಮೊದಲು ಕೇಳಿತು, ಆಮೇಲೆ ಆ ಇನ್ನೊಂದು ಸದ್ದು. ಅದನ್ನು ನಾನು ಬರೆಯಲಾರೆ.

ಕಾರು ಫುಟ್‌ಪಾತಿನ ಕಲ್ಲಿಗೆ ಗುದ್ದಿ, ಹೆಡ್‌ಲೈಟಿನ ಗಾಜು ಪುಡಿಯಾಗಿ, ತಾನಾಗಿಯೇ ಆಫ್ ಆಯಿತು. ರಸ್ತೆಯ ತುಂಬ ಕೀಗಳು. ಸಣ್ಣವು, ದೊಡ್ಡವು, ಹಿತ್ತಾಳೆಯವು, ಉಕ್ಕಿನವು. ಅವುಗಳ ನಡುವೆ ಮುದುಕ ಮಲಗಿದ್ದ. ಅವನ ಒಂದು ಕಾಲು ಯಾವ ಕಾಲೂ ತಿರುಗಬಾರದ ಕಡೆ ತಿರುಗಿತ್ತು.

ಅಣ್ಣ ಗರಬಡಿದವನಂತೆ ಕೂತುಬಿಟ್ಟ. ಐದನೇ ಬೆರಳು ಇನ್ನೂ ಮಡಚಿಯೇ ಇತ್ತು. ‘ಅಣ್ಣಾ, ಇಳಿ’ ಎಂದು ಭುಜ ಹಿಡಿದು ಅಲ್ಲಾಡಿಸಿದೆ, ಕಲ್ಲನ್ನು ಅಲ್ಲಾಡಿಸಿದಂತಿತ್ತು. ನಾನಾದರೂ ಏನು ಕಡಿದು ಗುಡ್ಡೆ ಹಾಕಿದೆ? ಇಳಿದವಳೇ ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕೀಗಳನ್ನು ಆರಿಸತೊಡಗಿದೆ. ದೊಡ್ಡವನ್ನು ಒಂದು ಕಡೆ, ಸಣ್ಣವನ್ನು ಇನ್ನೊಂದು ಕಡೆ. ಒಬ್ಬ ಮನುಷ್ಯ ನೋವಿನಿಂದ ನರಳುತ್ತಿದ್ದಾನೆ, ನಾನು ಕೀ ವಿಂಗಡಿಸುತ್ತಿದ್ದೇನೆ. ನನ್ನ ಕೈ ನನ್ನ ಮಾತು ಕೇಳುತ್ತಿರಲಿಲ್ಲ.

ಎಲ್ಲವನ್ನೂ ಮಾಡಿದವಳು ಟೈಲರಮ್ಮ. ಅರ್ಧ ನಿಮಿಷದ ಹಿಂದೆ ಕೇಳಿದ ಪಾಠವನ್ನು ಒಂದಕ್ಷರ ಬಿಡದೆ ಮಾಡಿದಳು. ಕಾರಿನ ಕೀ ತಿರುಗಿಸಿದಳು, ನಾಲ್ಕೂ ಇಂಡಿಕೇಟರ್ ಹಾಕಿದಳು, ಮುದುಕನ ಪಕ್ಕದಲ್ಲಿ ಮಂಡಿಯೂರಿದಳು. ಗೋದಾಮಿನಿಂದ ಜನ ಓಡಿಬಂದರು. ಒಬ್ಬ ನೀರಿನ ಬಾಟಲಿ ಬಗ್ಗಿಸಲು ಹೋದ, ಆಕೆ ಅವನ ಕೈ ತಳ್ಳಿದಳು. ಇಬ್ಬರು ರಟ್ಟೆಗೆ ಕೈಹಾಕಿದರು. ‘ಮುಟ್ಬೇಡಿ! ಮೇಷ್ಟ್ರು ಎತ್ತಬಾರದು ಅಂದಿದಾರೆ!’ ಎಂದು ಕಿರುಚಿದಳು. ಆಂಬ್ಯುಲೆನ್ಸಿಗೆ ಫೋನ್ ಹಚ್ಚಿ ರಸ್ತೆ, ಗೋದಾಮಿನ ನಂಬರು, ಎಲ್ಲ ಬಿಡಿಸಿ ಹೇಳಿದಳು. ಮಾತು ಎಲ್ಲೂ ತೊದಲಲಿಲ್ಲ.

ಐದನೆಯದನ್ನು ಮಾತ್ರ ಆಕೆ ಪಾಲಿಸಲಿಲ್ಲ. ‘ಯಾರು ಓಡಿಸ್ತಿದ್ದಿದ್ದು?’ ಎಂದು ಗುಂಪಿನಿಂದ ದನಿ ಬಂದದ್ದೇ ತಡ, ‘ನಾನೇ, ತಪ್ಪು ನಂದೇ’ ಎಂದು ಎದೆ ಮುಟ್ಟಿಕೊಂಡಳು. ಆಮೇಲೆ ಗುಂಪು ಬಾಯಿಗೆ ಬಂದದ್ದನ್ನೆಲ್ಲ ಅಂದಿತು. ಹೆಂಗಸರಿಗೆ ಯಾಕೆ ಗಾಡಿ ಎಂದೂ ಅಂದಿತು. ಅಣ್ಣ ಆಗ ಕಾರಿನಿಂದ ಇಳಿದು ನಿಂತಿದ್ದ, ತುಟಿ ಬಿಚ್ಚಲಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ಉದ್ದನೆಯ ಒಂದು ಬೆಂಚು. ಹೆಡ್ ಕಾನ್‌ಸ್ಟೇಬಲ್ ಅದರ ತುದಿಯಲ್ಲಿ ಕೂತು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದರು. ಟೈಲರಮ್ಮ ಅವರ ಎದುರು ನಿಂತು ಎಲ್ಲವನ್ನೂ ಒಪ್ಪಿಸಿದಳು. ಕಾಲೆತ್ತಿದೆ ಸಾರ್, ಬ್ರೇಕ್ ತುಳೀಲಿಲ್ಲ ಸಾರ್, ನನ್ನಿಂದಾನೇ ಆಗಿದ್ದು ಸಾರ್.

ಅವರು ನನ್ನ ಕಡೆ ತಿರುಗಿದರು. ‘ನೀವೇನು ನೋಡಿದ್ರಿ ಮೇಡಂ?’

‘ನಾನು ಫೈಲ್ ನೋಡ್ತಿದ್ದೆ. ಏನೂ ಕಾಣಲಿಲ್ಲ’ ಎಂದೆ. ಒಂದು ಕ್ಷಣವೂ ತಡವರಿಸಲಿಲ್ಲ.

ಒಳಗಿನಿಂದ ಡಾಕ್ಟರು ಬಂದು, ಮುದುಕನ ತೊಡೆಯ ಮೂಳೆ ಮುರಿದಿದೆ, ಪ್ರಾಣಕ್ಕೆ ಭಯವಿಲ್ಲ ಎಂದರು. ಟೈಲರಮ್ಮ ಗೋಡೆಗೆ ಹಣೆ ಒತ್ತಿಕೊಂಡು ಅತ್ತಳು. ನನಗೂ ಹೋದ ಜೀವ ಬಂದಂತಾಯಿತು. ಆದರೆ ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮುದುಕ ಬದುಕಿದ ಎಂಬ ಸಮಾಧಾನದ ಜೊತೆಗೇ ನಾವು ಬಚಾವಾದೆವು ಎಂಬ ಸಮಾಧಾನವೂ ಬಂತು. ಯಾವುದು ದೊಡ್ಡದಿತ್ತೋ ಗೊತ್ತಿಲ್ಲ.

ಅಷ್ಟರಲ್ಲಿ ಒಬ್ಬ ನರ್ಸ್ ಅಣ್ಣನ ಮುಂದೆ ನಿಂತಳು. ‘ಏನ್ರೀ ಇದು, ನೆಲವೆಲ್ಲ ರಕ್ತ! ಕಾಲಿಗೆ ಗಾಜು ಚುಚ್ಚಿದೆ, ಗೊತ್ತಾಗ್ಲಿಲ್ವಾ? ಕೂತ್ಕೊಳ್ಳಿ.’ ಅವನ ಬಲಗಾಲನ್ನು ಎತ್ತಿ ಹಿಡಿದು ಹತ್ತಿಯಿಂದ ಒರೆಸಿದಳು. ‘ಎಡಗಾಲಿಗೆ ಚಪ್ಪಲಿ ಹಾಕಿದೀರಿ. ಇದಕ್ಕೆ ಯಾಕಿಲ್ಲ?’

ಅವಳು ಸುಮ್ಮನೆ ಕೇಳಿದ್ದು. ಅಣ್ಣ ತನ್ನ ಕಾಲನ್ನೇ ನೋಡಿದ, ಅದು ಯಾರದೋ ಕಾಲೆಂಬಂತೆ. ಆಮೇಲೆ ಹತ್ತಿ ಅಂಟಿಕೊಂಡಿದ್ದ ಹಾಗೆಯೇ ಎದ್ದು, ಕುಂಟುತ್ತಾ ಕಾನ್‌ಸ್ಟೇಬಲ್ ಹತ್ತಿರ ಹೋದ.

‘ಬರೆಯೋದು ನಿಲ್ಸಿ ಸ್ವಾಮಿ. ಆಕೆ ಕಾಲೆತ್ತಿದ್ದು ತಪ್ಪಲ್ಲ. ಕಲಿಯೋರು ತಪ್ಪು ಮಾಡೇ ಮಾಡ್ತಾರೆ, ಅದಕ್ಕೇ ತಾನೇ ನನ್ನ ಕಡೆ ಇನ್ನೊಂದು ಬ್ರೇಕ್ ಇಟ್ಟಿರೋದು? ನನ್ನ ಕಾಲು ಅದರ ಮೇಲಿರ್ಲಿಲ್ಲ. ಚಪ್ಪಲಿ ಬಿಟ್ಟು ಸೀಟಿನ ಮೇಲೆ ಮಡಚಿಕೊಂಡಿದ್ದೆ. ಭಾಷಣ ಬಿಗೀತಿದ್ದೆ.’

ಕಾನ್‌ಸ್ಟೇಬಲ್ ಹಾಳೆಯಿಂದ ಪೆನ್ನು ಎತ್ತಿದರು. ‘ಮೇಷ್ಟ್ರೇ, ನನ್ನ ಮಗಳಿಗೆ ಕಲಿಸಿದೋರು ನೀವು. ಯೋಚ್ನೆ ಮಾಡಿ ಮಾತಾಡಿ. ಇದನ್ನ ಬರೆದ್ರೆ ಕೇಸು ನಿಮ್ಮ ಮೇಲೆ ಬರುತ್ತೆ, ಸ್ಕೂಲೂ ಮುಚ್ಚಿಹೋಗುತ್ತೆ.’

‘ಮೇಷ್ಟ್ರು ನನ್ನನ್ನ ಉಳಿಸೋಕೆ ಹೀಗೆ ಹೇಳ್ತಿದಾರೆ ಸಾರ್’ ಎಂದಳು ಟೈಲರಮ್ಮ. ‘ದೇವರಂಥ ಮನುಷ್ಯ. ಅವರ ಮಾತು ಬರ್ಕೋಬೇಡಿ.’

ಪಾಪ, ಆಕೆ ರಸ್ತೆ ನೋಡುತ್ತಿದ್ದವಳು. ಆ ಕಾಲು ಎಲ್ಲಿತ್ತೆಂದು ಆಕೆಗೆ ಹೇಗೆ ತಿಳಿಯಬೇಕು?

‘ನೋಡಿದೋರು ಯಾರೂ ಇಲ್ವಲ್ಲ ಮೇಷ್ಟ್ರೇ’ ಎಂದರು ಕಾನ್‌ಸ್ಟೇಬಲ್, ಅಣ್ಣನಿಗೆ ತಪ್ಪಿಸಿಕೊಳ್ಳಲು ದಾರಿ ಬಿಟ್ಟುಕೊಟ್ಟಂತೆ.

ಅಣ್ಣ ನನ್ನ ಕಡೆ ತಿರುಗಿದ. ‘ನೀನು ಹಿಂದೆ ಕೂತಿದ್ದೆ. ಹೇಳು.’

ನನಗೆ ಬಂದ ಸಿಟ್ಟಿಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಈ ಮನುಷ್ಯ ತಾನು ಮುಳುಗುವುದಲ್ಲದೆ ತನ್ನನ್ನು ಮುಳುಗಿಸುವ ಕೆಲಸವನ್ನೂ ನನಗೇ ಹಚ್ಚುತ್ತಿದ್ದಾನೆ. ನನ್ನ ಮನೆ, ಅವನ ಮನೆ, ನಾಳೆಯಿಂದ ಏನು? ಟೈಲರಮ್ಮ ಕೆಂಪು ಕಣ್ಣುಗಳಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಇಲ್ಲ ಅಂದರೆ ಆಕೆ ನಂಬುತ್ತಿದ್ದಳು. ಕೈಯನ್ನೂ ಮುಗಿಯುತ್ತಿದ್ದಳು. ಸಾಯುವತನಕ ಆ ಮುದುಕನ ಕಾಲು ಮುರಿದವಳು ತಾನೇ ಎಂದುಕೊಂಡಿರುತ್ತಿದ್ದಳು.

‘ನೋಡಿದೆ’ ಎಂದೆ. ‘ಕಾಲು ಸೀಟಿನ ಮೇಲಿತ್ತು. ಟೈಲರಮ್ಮ ಕಾಲೆತ್ತಿದಾಗ್ಲೂ ಅಲ್ಲೇ ಇತ್ತು. ಆಗ ಏನೂ ಕಾಣಲಿಲ್ಲ ಅಂದಿದ್ದು ಸುಳ್ಳು.’

ಟೈಲರಮ್ಮ ಬೆಂಚಿನ ಮೇಲೆ ಕುಸಿದಳು. ಅಣ್ಣ ಕಣ್ಣು ಮುಚ್ಚಿ ಉಸಿರು ಬಿಟ್ಟ. ಕಾನ್‌ಸ್ಟೇಬಲ್ ಬರೆದದ್ದನ್ನೆಲ್ಲ ಹೊಡೆದುಹಾಕಿ ಹೊಸ ಹಾಳೆ ತೆಗೆದರು. ನನ್ನ ಹೆಸರು, ವಯಸ್ಸು, ವಿಳಾಸ ಕೇಳಿ ಬರೆದುಕೊಂಡರು. ಆಮೇಲೆ ಅಣ್ಣನನ್ನು ತೋರಿಸಿ, ‘ಇವರು ನಿಮಗೆ ಏನಾಗ್ಬೇಕು?’ ಎಂದರು.

‘ಅಣ್ಣ.’

‘ಸ್ವಂತ ಅಣ್ಣಾನಾ?’ ಪೆನ್ನು ಹಾಳೆಯ ಮೇಲೆ ನಿಂತಿತು.

‘ಹೌದು, ಸ್ವಂತ ಅಣ್ಣ’ ಎಂದೆ. ‘ಬರ್ಕೊಳ್ಳಿ.’